ಬೇಲಿಯ ಬಳ್ಳಿ, ಹೊನ್ನಿನ ರೆಕ್ಕೆ: ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಸದರ್ನ್ ಬರ್ಡ್‌ವಿಂಗ್ ಚಿಟ್ಟೆಯ ರೂಪ ಮತ್ತು ಜೀವನ

ಕರ್ನಾಟಕದ ರಾಜ್ಯಚಿಟ್ಟೆಯನ್ನು ನೋಡಲು ಪುತ್ತೂರು, ಸುಳ್ಯದ ಕೃಷಿಕರು ದೂರದ ಅಭಯಾರಣ್ಯಕ್ಕೆ ಹೋಗಬೇಕಾಗಿಲ್ಲ. ಆಟಿಯ ಮಳೆ ಇಳಿದು ಸೋಣ ತಿಂಗಳ ಬಿಸಿಲು ಕಾಣಿಸಿಕೊಂಡ ಬೆಳಿಗ್ಗೆ ಅಂಗಳದ ಬದಿಯ ಕೇಪಳದ ಹೂವಿಗೆ ಅದು ತಾನಾಗಿ ಬರುತ್ತದೆ. ಅಡಿಕೆ ಮರಗಳ ತಲೆಯ ಮೇಲಿಂದ ತೇಲಿಕೊಂಡು ಇಳಿಯುವ ಬಗೆ, ರೆಕ್ಕೆಯ ನಿಧಾನದ ಬಡಿತ, ಹಿಂದಿನ ರೆಕ್ಕೆಯ ಅರಸಿನದ ಹೊಳಪು ನೋಡಿ ಮೊದಲ ಸಲ ಕಂಡವರು ಹಕ್ಕಿಯೆಂದೇ ತಿಳಿಯುವುದುಂಟು. ಇಂಗ್ಲಿಷಿನಲ್ಲಿ ಇದರ ಹೆಸರು ಸದರ್ನ್ ಬರ್ಡ್‌ವಿಂಗ್. ಶಾಸ್ತ್ರೀಯ ಹೆಸರು ಟ್ರೊಯ್ಡೆಸ್ ಮಿನೋಸ್. ಈ ಲೇಖನದಲ್ಲಿ ಅದನ್ನು ಹಕ್ಕಿರೆಕ್ಕೆ ಎಂದು ಕರೆದಿದ್ದೇನೆ.

ಅಂಗಳಕ್ಕೆ ಬಂದು ಹೋಗುವ ಈ ಚಿಟ್ಟೆ ಹುಟ್ಟುವುದು ಎಲ್ಲಿ ಎಂಬ ಪ್ರಶ್ನೆಯಿಂದ ಈ ಲೇಖನ ಹೊರಡುತ್ತದೆ. ಘಟ್ಟದ ದಟ್ಟ ಕಾಡಿನಲ್ಲಿ ಎಂಬುದು ರೂಢಿಯ ಉತ್ತರ. ಅದು ಅರ್ಧ ಸತ್ಯ. ತೋಟಕ್ಕೂ ಕಾಡಿಗೂ ನಡುವೆ ಇರುವ ಕುಮ್ಕಿ, ಬೇಲಿಸಾಲು, ತೋಟದ ಬದಿಯ ದರೆ, ನಾಗಬನ ಇವೇ ಈ ಮೂರು ತಾಲ್ಲೂಕುಗಳಲ್ಲಿ ಹಕ್ಕಿರೆಕ್ಕೆಯ ತೊಟ್ಟಿಲುಗಳು ಎಂಬುದು ನನ್ನ ವಾದ. ಇದನ್ನು ಒಪ್ಪಬೇಕಾದರೆ ಚಿಟ್ಟೆಯನ್ನು ಸ್ವಲ್ಪ ಹೊತ್ತು ಬಿಟ್ಟು, ಅದರ ಮರಿಹುಳು ತಿನ್ನುವ ಬಳ್ಳಿಯ ಹಿಂದೆ ಹೋಗಬೇಕು.

ಹೆಸರಿನ ಜಾಡು

ಹಕ್ಕಿರೆಕ್ಕೆಗೆ ಮಿನೋಸ್ ಎಂಬ ಹೆಸರು ಕೊಟ್ಟವನು ಡಚ್ ಸಂಗ್ರಾಹಕ ಪೀಟರ್ ಕ್ರಾಮರ್, ಕಾಲ 1779. ಮಿನೋಸ್ ಗ್ರೀಕರ ಪುರಾಣದಲ್ಲಿ ಕ್ರೀಟ್ ದ್ವೀಪದ ಅರಸ. ಟ್ರೊಯ್ಡೆಸ್ ಎಂಬ ಮೊದಲ ಪದದ ಹಿಂದೆ ಟ್ರಾಯ್ ನಗರವಿದೆ. 1758ರಲ್ಲಿ ಕಾರ್ಲ್ ಲಿನ್ನೆಯಸ್ ಕವಲುಬಾಲದ ಚಿಟ್ಟೆಗಳನ್ನೆಲ್ಲ ಯೋಧರೆಂದು ಕರೆದು, ಎದೆಯಲ್ಲಿ ರಕ್ತದ ಬಣ್ಣದ ಮಚ್ಚೆ ಇರುವ ಕಪ್ಪು ಚಿಟ್ಟೆಗಳನ್ನು ಟ್ರಾಯ್ ಪಕ್ಷಕ್ಕೂ ಉಳಿದವನ್ನು ಗ್ರೀಕರ ಪಕ್ಷಕ್ಕೂ ಹಂಚಿದ್ದ. ಕಥೆಯ ನೆವದಲ್ಲಿ ಮಾಡಿದ ಆ ವಿಂಗಡಣೆ ಬಹುಮಟ್ಟಿಗೆ ಸರಿಯಿತ್ತು. ಎದೆಯ ಕೆಂಪು ಮಚ್ಚೆಯನ್ನು ಹೊತ್ತ ಈ ಬಳಗದ ಚಿಟ್ಟೆಗಳು ಒಂದೇ ಕುಲದ ವಿಷದ ಬಳ್ಳಿಗಳನ್ನು ತಿಂದು ಬೆಳೆಯುತ್ತವೆ ಎಂಬುದು ಅವನ ಕಾಲದಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ.

ಸುಳ್ಯದ ಆಚೆ ಕಾಸರಗೋಡಿಗೆ ಇಳಿದರೆ ಇನ್ನೊಂದು ಹೆಸರು ಸಿಗುತ್ತದೆ. ಮಲಯಾಳದಲ್ಲಿ ಇದು ಗರುಡಶಲಭ. ಅದು ತಿನ್ನುವ ಬಳ್ಳಿಗೂ ಅಲ್ಲಿ ಗರುಡಕ್ಕೊಡಿ ಎಂಬ ಹೆಸರಿದೆ. ಹಾವಿನ ವಿಷಕ್ಕೆ ಮದ್ದೆಂದು ನಂಬಿದ ಬಳ್ಳಿಗೆ ಹಾವಿನ ಹಗೆಯಾದ ಗರುಡನ ಹೆಸರು, ಆ ಬಳ್ಳಿಯಲ್ಲಿ ಬೆಳೆದ ದೊಡ್ಡ ರೆಕ್ಕೆಯ ಚಿಟ್ಟೆಗೂ ಅದೇ ಹೆಸರು. ಗಿಡವನ್ನೂ ಹುಳುವನ್ನೂ ಒಟ್ಟಿಗೆ ನೋಡಿದ ಜನ ಇಟ್ಟ ಹೆಸರು ಇದು ಎಂದು ನನಗನಿಸುತ್ತದೆ. ಗರುಡನಿಗೆ ಹೆದರಿದ ವಾಸುಕಿ ಸುಬ್ರಹ್ಮಣ್ಯನ ಆಶ್ರಯ ಪಡೆದ ಕ್ಷೇತ್ರವೆಂದು ಪ್ರಸಿದ್ಧವಾದ ಕುಕ್ಕೆ ಇರುವುದು ಕಡಬ ತಾಲ್ಲೂಕಿನಲ್ಲೇ. ಆ ಕ್ಷೇತ್ರದ ಸುತ್ತಿನ ಕಾಡಿನಲ್ಲಿ ಗರುಡನ ಹೆಸರಿನ ಚಿಟ್ಟೆ ಹಾರಾಡುವುದನ್ನು ಕಂಡಾಗ ಪುರಾಣದ ಆ ಜೋಡಿ ನೆನಪಾಗದೆ ಇರದು.

ಹಕ್ಕಿರೆಕ್ಕೆಯ ಕುಲದ ಬಾಲ್ಯವನ್ನು ಬಹು ಹಿಂದೆಯೇ ಕಣ್ಣಿಟ್ಟು ದಾಖಲಿಸಿದವರು ಕನ್ನಡ ನಾಡಿನಲ್ಲಿಯೇ ಇದ್ದರು. 1890ರ ದಶಕದಲ್ಲಿ ಉತ್ತರ ಕನ್ನಡದ ಕಲೆಕ್ಟರ್ ಜೆ. ಡೇವಿಡ್‌ಸನ್, ಸುಂಕ ಇಲಾಖೆಯ ಇ.ಎಚ್. ಐಟ್ಕೆನ್ ಮತ್ತು ಅರಣ್ಯಾಧಿಕಾರಿ ಟಿ.ಆರ್. ಬೆಲ್ ಕಾರವಾರದ ಸುತ್ತಿನ ಚಿಟ್ಟೆಗಳ ಮೊಟ್ಟೆ, ಹುಳು, ಕೋಶಗಳನ್ನು ಮನೆಯಲ್ಲಿ ಸಾಕಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ವಿವರವಾಗಿ ಬರೆದರು. ಬೆಲ್ ನಿವೃತ್ತಿಯ ನಂತರವೂ ಕಾರವಾರವನ್ನು ಬಿಡಲಿಲ್ಲ. 1948ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಬರಹಗಳಲ್ಲಿ ಚಿಟ್ಟೆಯಷ್ಟೇ ಗಿಡಕ್ಕೂ ಜಾಗವಿದೆ. ಯಾವ ಹುಳು ಯಾವ ಗಿಡದ ಯಾವ ಎಲೆ ತಿನ್ನುತ್ತದೆ, ಎಲ್ಲಿ ಕೂರುತ್ತದೆ, ಕೋಶ ಕಟ್ಟಲು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವರು ಬಿಡದೆ ಬರೆದರು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲಿ ಉಳಿಯಿತು. ಆಡಳಿತ ಎಳೆದ ಆ ಗೆರೆಯಿಂದಾಗಿ ಬೆಲ್ ಮತ್ತು ಸಂಗಡಿಗರ ಕೆಲಸ ಗೆರೆಯ ಬಡಗು ಬದಿಯಲ್ಲಿ ನಿಂತಿತು. ಹುಳು, ಬಳ್ಳಿ, ಮಳೆ ಮೂರೂ ಗೆರೆಯ ಎರಡು ಬದಿಗೂ ಒಂದೇ. ಆದ್ದರಿಂದ ಕಾರವಾರದ ಆ ಟಿಪ್ಪಣಿಗಳನ್ನು ಸುಳ್ಯದ ಬೇಲಿಯ ಪಕ್ಕದಲ್ಲಿ ನಿಂತು ಓದಲು ಅಡ್ಡಿಯಿಲ್ಲ.

ರೂಪ

ಕವಲುಬಾಲದ ಚಿಟ್ಟೆಗಳ ಕುಟುಂಬಕ್ಕೆ ಪ್ಯಾಪಿಲಿಯೊನಿಡೇ ಎಂದು ಹೆಸರು. ಜಗತ್ತಿನಲ್ಲಿ ಇವು 550ಕ್ಕೂ ಹೆಚ್ಚು ಜಾತಿ, ಪಶ್ಚಿಮಘಟ್ಟದಲ್ಲಿ 19. ಹಕ್ಕಿರೆಕ್ಕೆ ಈ ಕುಟುಂಬದ್ದೇ ಆದರೂ ಅದಕ್ಕೆ ಬಾಲವಿಲ್ಲ. ಹಿಂದಿನ ರೆಕ್ಕೆಯ ಅಂಚು ಅಲೆಯಂತೆ ಬಾಗಿ ಅಲ್ಲಿಗೇ ಮುಗಿಯುತ್ತದೆ. ಕುಟುಂಬದ ಗುರುತು ಸಿಗುವುದು ಮರಿಹುಳುವಿನಲ್ಲಿ. ಆ ವಿಷಯ ಮುಂದೆ ಬರುತ್ತದೆ.

ರೆಕ್ಕೆ ಬಿಡಿಸಿದಾಗ ಅಗಲ 140ರಿಂದ 190 ಮಿಲಿಮೀಟರ್. ಹೆಣ್ಣು ಗಂಡಿಗಿಂತ ದೊಡ್ಡದು. 1932ರಲ್ಲಿ ಬ್ರಿಗೇಡಿಯರ್ ಡಬ್ಲ್ಯು.ಎಚ್. ಇವಾನ್ಸ್ ದಾಖಲಿಸಿದ 190 ಮಿಲಿಮೀಟರ್ ಅಳತೆ 88 ವರ್ಷ ಭಾರತದ ಅತಿ ದೊಡ್ಡ ಚಿಟ್ಟೆಯ ದಾಖಲೆಯಾಗಿ ಉಳಿದಿತ್ತು. 2020ರಲ್ಲಿ ಉತ್ತರಾಖಂಡದ ದೀದೀಹಾಟ್‌ನ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣೊಂದು 194 ಮಿಲಿಮೀಟರ್ ಅಳೆದು ಆ ಸ್ಥಾನ ಪಡೆಯಿತು. ನಾಲ್ಕು ಮಿಲಿಮೀಟರಿನ ಈ ಸೋಲಿನಿಂದ ದಕ್ಷಿಣ ಭಾರತದ ಮಟ್ಟಿಗೆ ಏನೂ ಬದಲಾಗಿಲ್ಲ. ಇಲ್ಲಿ ಇದಕ್ಕಿಂತ ದೊಡ್ಡ ಚಿಟ್ಟೆ ಇಲ್ಲ.

ಗಂಡಿನ ಮುಂದಿನ ರೆಕ್ಕೆ ಮಕಮಲ್ಲಿನಂಥ ಕಪ್ಪು. ಹಿಂದಿನ ರೆಕ್ಕೆ ಬಂಗಾರದ ಹಳದಿ. ಅದರ ಮೇಲೆ ಕಪ್ಪು ನರಗಳು, ಸುತ್ತ ಕಪ್ಪು ಅಂಚು. ಒಳ ಅಂಚಿನಲ್ಲಿ ರೆಕ್ಕೆ ಮಡಚಿಕೊಂಡಿದ್ದು, ಆ ಮಡಿಕೆಯಲ್ಲಿ ಹೆಣ್ಣನ್ನು ಸೆಳೆಯುವ ಗಂಧದ ರೋಮಗಳಿವೆ. ಹೆಣ್ಣಿನ ಮುಂದಿನ ರೆಕ್ಕೆಯಲ್ಲಿ ನರಗಳ ಇಬ್ಬದಿಗೂ ಬೂದುಬಿಳಿಯ ಗೀರುಗಳು. ಹಿಂದಿನ ರೆಕ್ಕೆಯ ಹಳದಿಯಲ್ಲಿ ಸಾಲಾಗಿ ದೊಡ್ಡ ಕಪ್ಪು ತ್ರಿಕೋನ ಮಚ್ಚೆಗಳು. ಹಾರುವಾಗಲೇ ಗಂಡು ಹೆಣ್ಣು ಗುರುತಿಸಲು ಈ ಮಚ್ಚೆಗಳು ಸಾಕು. ತಲೆ, ಎದೆ ಕಪ್ಪು. ಕುತ್ತಿಗೆಯ ಬಳಿ ಹಾಗೂ ರೆಕ್ಕೆಯ ಬುಡದಲ್ಲಿ ಕೆಂಪು. ಲಿನ್ನೆಯಸ್ ಕಂಡ ರಕ್ತದ ಮಚ್ಚೆ ಅದೇ. ಹಳದಿಯೂ ಕೆಂಪೂ ಒಂದೇ ಮೈಯಲ್ಲಿ ಇರುವ ಚಿಟ್ಟೆ ಕನ್ನಡದ ಬಾವುಟವನ್ನು ನೆನಪಿಸಿದರೆ ಆಶ್ಚರ್ಯವಿಲ್ಲ. 2015ರಲ್ಲಿ ಮಹಾರಾಷ್ಟ್ರ ಬ್ಲೂ ಮಾರ್ಮನ್ ಚಿಟ್ಟೆಯನ್ನು ರಾಜ್ಯಚಿಟ್ಟೆಯಾಗಿ ಆರಿಸಿದ ಬೆನ್ನಿಗೇ ಕರ್ನಾಟಕ ಹಕ್ಕಿರೆಕ್ಕೆಗೆ ಆ ಪಟ್ಟ ಕೊಟ್ಟಿತು.

ಹೂವಿನ ಮೇಲೆ ಇದು ಪೂರ್ತಿ ಕೂರುವುದಿಲ್ಲ. ಕಾಲು ಹೂವಿಗೆ ತಾಗಿರುತ್ತದೆ, ಹಿಂದಿನ ರೆಕ್ಕೆ ಹೆಚ್ಚು ಅಲುಗುವುದಿಲ್ಲ, ಮುಂದಿನ ರೆಕ್ಕೆ ಮಾತ್ರ ಬಿಡದೆ ನಡುಗುತ್ತಿರುತ್ತದೆ. ಭಾರದ ಮೈಯನ್ನು ತೆಳು ಹೂಗೊಂಚಲು ತಾಳದು ಎಂಬುದು ಇದಕ್ಕೆ ಸರಳ ಕಾರಣ. ಕೇಪಳ, ದಾಸವಾಳ, ಲಂಟಾನ ಇವೆಲ್ಲ ಅದಕ್ಕೆ ಆಗುತ್ತವೆ. ಲಂಟಾನ ಹೊರನಾಡಿನಿಂದ ಬಂದ ಕಳೆ, ಆದರೂ ಅದರ ಹೂವಿನಲ್ಲಿ ಹಕ್ಕಿರೆಕ್ಕೆಗೆ ಮಕರಂದ ಧಾರಾಳ ಸಿಗುತ್ತದೆ. ದೊಡ್ಡ ಚಿಟ್ಟೆಗೆ ಹೂವಿನ ಬರ ಈ ಸೀಮೆಯಲ್ಲಿ ಇಲ್ಲ. ಅದರ ಬದುಕಿನ ಇಕ್ಕಟ್ಟು ಬೇರೆ ಕಡೆ ಇದೆ.

ಬಳ್ಳಿ

ಹಕ್ಕಿರೆಕ್ಕೆಯ ಮರಿಹುಳು ತಿನ್ನುವುದು ಅರಿಸ್ಟೊಲೋಕಿಯೇಸಿ ಕುಟುಂಬದ ಗಿಡಗಳನ್ನು ಮಾತ್ರ. ನಮ್ಮ ಸೀಮೆಯಲ್ಲಿ ಅವು ಮುಖ್ಯವಾಗಿ ಮೂರು. ಬೇಲಿ, ಪೊದರು, ಹಾಡಿಯ ಅಂಚಿನಲ್ಲಿ ಹಬ್ಬುವ ಅರಿಸ್ಟೊಲೋಕಿಯಾ ಇಂಡಿಕಾ ಎಂಬ ಈಶ್ವರಬಳ್ಳಿ; ಕಾಡಿನಲ್ಲಿ ಮರವೇರುವ, ಅಗಲ ಎಲೆಯ ಅರಿಸ್ಟೊಲೋಕಿಯಾ ಟಗಾಲಾ; ನಿತ್ಯಹರಿದ್ವರ್ಣ ಕಾಡಿನ ನೆರಳಿನಲ್ಲಿ ಬೆಳೆಯುವ ಪೊದೆ ತೊಟ್ಟಿಯಾ ಸಿಲಿಕ್ವೋಸಾ. ಪುತ್ತೂರಿನ ಮುರಕಲ್ಲಿನ ಪದವಿನಿಂದ ಸುಬ್ರಹ್ಮಣ್ಯದ ಘಟ್ಟದ ಬುಡಕ್ಕೆ ಹೋದಂತೆ ಈಶ್ವರಬಳ್ಳಿಯ ಜಾಗಕ್ಕೆ ಮೆಲ್ಲನೆ ಉಳಿದೆರಡು ಬರುತ್ತವೆ. ಚಿಟ್ಟೆ ಒಂದೇ, ಅದರ ಬಾಲ್ಯದ ಊಟ ತಾಲ್ಲೂಕಿನಿಂದ ತಾಲ್ಲೂಕಿಗೆ ಬದಲಾಗುತ್ತದೆ.

ತುಳುವಿನಲ್ಲಿ ಬಳ್ಳಿಗೆ ಬೂರು ಎನ್ನುತ್ತಾರೆ. ತೋಟದ ಬೇಲಿಯಲ್ಲಿ ನೂರು ಬೂರುಗಳಿರುವಾಗ ಈಶ್ವರಬಳ್ಳಿ ಕಣ್ಣಿಗೆ ಬೀಳುವುದು ಅದರ ಕಾಯಿ ಒಡೆದ ಮೇಲೆ. ಒಣಗಿದ ಕಾಯಿ ತೊಟ್ಟಿನ ಕಡೆಯಿಂದ ಬಿರಿದು, ತೊಟ್ಟಿನ ಸೀಳುಗಳು ಹಗ್ಗಗಳಂತೆ ಹಿಡಿದು, ಹಳೆಯ ಅಡುಗೆಮನೆಯಲ್ಲಿ ಮಜ್ಜಿಗೆಯ ಭರಣಿ ತೂಗುಹಾಕುತ್ತಿದ್ದ ನೆಲುವಿನ ಹಾಗೆ ಜೋತುಬೀಳುತ್ತದೆ. ಒಳಗಿನ ಚಪ್ಪಟೆ, ರೆಕ್ಕೆಯಿರುವ ಬೀಜಗಳನ್ನು ಗಾಳಿ ಒಂದೊಂದಾಗಿ ಎತ್ತಿಕೊಂಡು ಹೋಗುತ್ತದೆ. ಹೂವು ಇನ್ನೂ ವಿಚಿತ್ರ: ಕೊಳವೆಯ ಆಕಾರ, ಬುಡದಲ್ಲಿ ಗುಂಡನೆಯ ಕೋಣೆ. ವಾಸನೆಗೆ ಮರುಳಾಗಿ ಒಳಗೆ ಇಳಿದ ಸಣ್ಣ ನೊಣಕ್ಕೆ ಕೊಳವೆಯ ರೋಮಗಳು ಹೊರಗಿನ ದಾರಿ ಕಟ್ಟುತ್ತವೆ. ಪರಾಗ ಮೈಗೆ ಅಂಟಿದ ಮೇಲೆ ರೋಮಗಳು ಬಾಡಿ ನೊಣ ಬಿಡುಗಡೆಯಾಗುತ್ತದೆ. ಹೀಗೆ ಬಳ್ಳಿಗೆ ನೊಣ ಬೇಕು, ಗಾಳಿ ಬೇಕು, ಹತ್ತಲು ಒಂದು ಬೇಲಿ ಬೇಕು. ಗುಡಿಸಿ ಒಪ್ಪ ಮಾಡಿದ ತೋಟದಲ್ಲಿ ಈ ಮೂರೂ ಒಟ್ಟಿಗೆ ಸಿಗುವುದು ಕಷ್ಟ.

ಈಶ್ವರಬೇರನ್ನು ಹಾವು ಕಡಿತಕ್ಕೆ, ಹೊಟ್ಟೆನೋವಿಗೆ ಕೊಡುವ ವಾಡಿಕೆ ಹಳೆಯದು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಕುಲದ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವೆಂಬ ವಿಷವಿದೆ. ಅದು ಮನುಷ್ಯರ ಮೂತ್ರಪಿಂಡವನ್ನು ಹಾಳುಮಾಡುತ್ತದೆ, ಮೂತ್ರನಾಳದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವೆಂದು ಮೊದಲ ವರ್ಗದಲ್ಲಿ ಇರಿಸಿದೆ. ಬಾಲ್ಕನ್ ದೇಶಗಳಲ್ಲಿ ಗೋಧಿ ಹೊಲದ ಕಳೆಯಾಗಿ ಬೆರೆತ ಇದೇ ಕುಲದ ಗಿಡದಿಂದ ಹಳ್ಳಿಗಟ್ಟಲೆ ಜನ ಮೂತ್ರಪಿಂಡದ ಕಾಯಿಲೆಗೆ ಬಲಿಯಾದರು. ಬೇರನ್ನು ಅರೆದು ಕುಡಿಯುವುದು ಬೇಡ. ಹಾವು ಕಡಿದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ನಮಗೆ ವಿಷವಾದದ್ದು ಹಕ್ಕಿರೆಕ್ಕೆಯ ಹುಳುವಿಗೆ ರಕ್ಷೆ. ತಿಂದ ಎಲೆಯ ವಿಷವನ್ನು ಈ ಬಳಗದ ಹುಳುಗಳು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಚಿಟ್ಟೆಯಾದ ಮೇಲೂ ಅದು ಉಳಿಯುತ್ತದೆ. ಒಮ್ಮೆ ಕಚ್ಚಿ ಕಹಿಯುಂಡ ಹಕ್ಕಿ ಆ ಬಣ್ಣವನ್ನು ಮರೆಯದು. ಹಕ್ಕಿರೆಕ್ಕೆ ಬಿಸಿಲಿನಲ್ಲಿ ಅಷ್ಟು ನಿಧಾನವಾಗಿ, ತನ್ನ ಬಣ್ಣವನ್ನೆಲ್ಲ ತೋರಿಸುತ್ತ ಹಾರುವುದರ ಹಿಂದೆ ಈ ಕಹಿ ಇದೆ. ಅದೇ ಬಳ್ಳಿಯನ್ನು ತಿನ್ನುವ ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳ ವೇಷವನ್ನು ಕಾಮನ್ ಮಾರ್ಮನ್ ಚಿಟ್ಟೆಯ ಕೆಲವು ಹೆಣ್ಣುಗಳು ಧರಿಸಿ ಬದುಕುತ್ತವೆ. ನಮ್ಮ ಹಿತ್ತಿಲಿನ ನಿಂಬೆ, ಕರಿಬೇವಿನ ಗಿಡದಲ್ಲಿ ಹುಳುವಾಗಿ ಬೆಳೆಯುವ ಮಾರ್ಮನ್‌ನ ಮೈಯಲ್ಲಿ ಆ ವಿಷವಿಲ್ಲ. ಬೇಲಿಯ ಈಶ್ವರಬಳ್ಳಿ ಹೋದರೆ ಹಿತ್ತಿಲಿನ ಈ ವೇಷಕ್ಕೂ ಅರ್ಥ ಉಳಿಯದು. ಒಂದು ಬಳ್ಳಿಗೆ ಇಷ್ಟು ಜೀವಗಳು ಕಟ್ಟಿಕೊಂಡಿವೆ.

ಮೊಟ್ಟೆಯಿಂದ ರೆಕ್ಕೆಗೆ

ಹೆಣ್ಣು ಬಳ್ಳಿಯನ್ನು ಹುಡುಕುವಾಗ ಅದರ ಹಾರಾಟವೇ ಬೇರೆ. ಮರದ ತಲೆಯ ಎತ್ತರವನ್ನು ಬಿಟ್ಟು ಪೊದರಿನ ಮಟ್ಟಕ್ಕೆ ಇಳಿದು, ಎಲೆಯಿಂದ ಎಲೆಗೆ ತಡವರಿಸುತ್ತ ಹೋಗುತ್ತದೆ. ಎಲೆಗೆ ಮುಂಗಾಲು ಬಡಿದು ರುಚಿ ನೋಡುತ್ತದೆ. ರುಚಿ ತಿಳಿಯುವ ಅಂಗ ಅದರ ಕಾಲಿನಲ್ಲಿದೆ. ಸರಿಯಾದ ಬಳ್ಳಿ ಸಿಕ್ಕಿದರೆ ಎಲೆಯ ಅಡಿಯಲ್ಲಿ, ಕೆಲವೊಮ್ಮೆ ತೊಟ್ಟಿನಲ್ಲಿ ಒಂದೊಂದೇ ಮೊಟ್ಟೆ ಇಡುತ್ತದೆ. ಗುಂಡನೆಯ ಮೊಟ್ಟೆ, ಚಿಟ್ಟೆಯ ಮೊಟ್ಟೆಗಳಲ್ಲಿ ದೊಡ್ಡದೇ, ಕಿತ್ತಳೆಯತ್ತ ತಿರುಗಿದ ಬಣ್ಣ. ಒಂದೊಂದೇ ಇಡುವುದರಲ್ಲಿ ಲೆಕ್ಕವಿದೆ. ಬಳ್ಳಿ ತೆಳುವಾದದ್ದು, ಎರಡು ಹುಳು ಬಿದ್ದರೆ ಎಲೆ ಸಾಲದು.

ಹೊರಬಂದ ಮರಿ ಮೊದಲು ತನ್ನ ಮೊಟ್ಟೆಯ ಸಿಪ್ಪೆಯನ್ನೇ ತಿನ್ನುತ್ತದೆ. ಮುಂದೆ ಎಳೆ ಎಲೆ, ಬೆಳೆದ ಹಾಗೆ ಬಲಿತ ಎಲೆ. ಐದು ಹಂತಗಳಲ್ಲಿ ಪೊರೆ ಕಳಚುತ್ತ ಅದು ಬೆರಳಿನ ಗಾತ್ರಕ್ಕೆ ಬರುತ್ತದೆ. ಮೈ ಕಡುಗಂದು ಕೆಂಪು, ಮಕಮಲ್ಲಿನಂತೆ. ಉದ್ದಕ್ಕೂ ಮೆತ್ತನೆಯ ಮಾಂಸದ ಮುಳ್ಳುಗಳು, ನಡುವಿನಲ್ಲಿ ಓರೆಯಾದ ಒಂದು ಬಿಳಿಪಟ್ಟಿ. ಮುಳ್ಳು ನೋಡಲು ಹೆದರಿಕೆ ತರುವಂತಿದ್ದರೂ ಚುಚ್ಚುವುದಿಲ್ಲ. ಕಂಬಳಿಹುಳು ಎಂದು ಹೆದರಿ ಚಪ್ಪಲಿಯಿಂದ ಒರಸುವವರು ಇದನ್ನು ತಿಳಿದರೆ ಒಳ್ಳೆಯದು; ಇದರಲ್ಲಿ ತುರಿಕೆಯ ರೋಮವೇ ಇಲ್ಲ.

ಹುಳುವನ್ನು ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲುಕೊಂಬು ತಟ್ಟನೆ ಹೊರಬಂದು, ತೀಕ್ಷ್ಣ ವಾಸನೆ ಬಿಟ್ಟು ಒಳಗೆ ಹೋಗುತ್ತದೆ. ಇದು ಆಸ್ಮೆಟೀರಿಯಮ್. ಕವಲುಬಾಲದ ಚಿಟ್ಟೆಗಳ ಕುಟುಂಬದ ನಿಜವಾದ ಗುರುತು ಇದೇ. ಬಾಲ ಇರಲಿ ಇಲ್ಲದಿರಲಿ, ಈ ಕೊಂಬು ಇದ್ದರೆ ಆ ಕುಟುಂಬದ್ದು. ಹಿತ್ತಿಲಿನ ಕರಿಬೇವಿನ ಗಿಡದ ಹಸಿರು ಹುಳುವನ್ನು ಕೆಣಕಿದ ಮಕ್ಕಳಿಗೆ ಈ ಕೊಂಬು ಹೊಸದಲ್ಲ.

ಬೆಳೆದ ಹುಳು ಬಳ್ಳಿಯಿಂದ ಇಳಿದು ಪಕ್ಕದ ಪೊದೆಗೆ ಹೋಗುತ್ತದೆ. ಬಾಲದ ತುದಿಯನ್ನು ರೇಷ್ಮೆಯ ಗಂಟಿಗೆ ಸಿಕ್ಕಿಸಿ, ನಡುವಿಗೆ ಒಂದು ರೇಷ್ಮೆಯ ದಾರ ಬಿಗಿದುಕೊಂಡು ಕೋಶವಾಗುತ್ತದೆ. ಅಡಿಕೆ ಮರ ಏರುವವನು ನಡುವಿಗೆ ಹಗ್ಗ ಬಿಗಿದು ಹಿಂದಕ್ಕೆ ವಾಲಿ ನಿಂತ ಭಂಗಿ ಅದು. ಕೋಶದ ಆಕಾರ ಬಾಡಿ ಮುದುಡಿದ ಎಲೆಯಂತೆ. ಕೈ ತಾಗಿದರೆ ಅದು ಮೈ ಕೊಡವಿ ಸರಸರ ಸದ್ದು ಮಾಡುತ್ತದೆ. ಕಣ್ಣಿಲ್ಲದ, ಕಾಲಿಲ್ಲದ ಜೀವಕ್ಕೆ ಇರುವ ಒಂದೇ ಪ್ರತಿಭಟನೆ. ಮೊಟ್ಟೆಯಿಂದ ಚಿಟ್ಟೆಯಾಗುವ ವೇಳೆಗೆ ಒಂದೂವರೆ, ಎರಡು ತಿಂಗಳು ಕಳೆಯುತ್ತದೆ. ಆ ಅವಧಿಯನ್ನೆಲ್ಲ ಅದು ಕಳೆಯುವುದು ಬಳ್ಳಿಯ ಸುತ್ತಲಿನ ಕೆಲವೇ ಮಾರು ಜಾಗದಲ್ಲಿ. ಅಂಗಳಕ್ಕೆ ಬರುವ ಚಿಟ್ಟೆಗೆ ರೆಕ್ಕೆಯಿದೆ, ಬೇಡದ ಜಾಗ ಬಿಟ್ಟು ಹೋಗಬಲ್ಲದು. ಹುಳುವಿಗೆ ಆ ಅನುಕೂಲವಿಲ್ಲ. ಬೇಲಿಯ ಆ ಕೆಲವು ಮಾರಿನಲ್ಲಿ ಎರಡು ತಿಂಗಳು ಏನು ನಡೆಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕುಮ್ಕಿ, ದರೆ, ಬನ

ದಕ್ಷಿಣ ಕನ್ನಡದ ಭೂಮಿಯ ಇತಿಹಾಸ ಗೊತ್ತಿಲ್ಲದೆ ಈ ಚಿಟ್ಟೆಯ ನೆಲೆ ಅರ್ಥವಾಗದು. ವರ್ಗ ಜಮೀನಿನ, ಅಂದರೆ ಕೃಷಿಕನ ಸ್ವಂತ ಪಟ್ಟಾ ಜಾಗದ, ಗಡಿಯಿಂದ 100 ಗಜದವರೆಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ದರಗು ತರಲು ಕೃಷಿಕನಿಗೆ ಇದ್ದ ಹಕ್ಕಿಗೆ ಕುಮ್ಕಿ ಎಂದು ಹೆಸರು. ಅಡಿಕೆಯ ಬುಡಕ್ಕೆ ಹಾಕುವ ಸೊಪ್ಪು, ಹಟ್ಟಿಗೆ ಹಾಸುವ ದರಗು ಎಲ್ಲ ಅಲ್ಲಿಂದ ಬರುತ್ತಿತ್ತು. ಆದ್ದರಿಂದ ಕುಮ್ಕಿಯನ್ನು ಯಾರೂ ಪೂರ್ತಿ ಕಡಿಯಲಿಲ್ಲ, ಪೂರ್ತಿ ಬೆಳೆಯಲೂ ಬಿಡಲಿಲ್ಲ. ವರ್ಷಕ್ಕೊಮ್ಮೆ ಕತ್ತಿ ತಾಗಿ ಮತ್ತೆ ಚಿಗುರುವ, ಅರೆಬಿಸಿಲು ಅರೆನೆರಳಿನ ಪೊದರುಗಾಡು ಅದು. ಗಡ್ಡೆಯಂಥ ಬೇರಿನಿಂದ ಮಳೆಗಾಲದಲ್ಲಿ ಹೊಸ ಬಳ್ಳಿ ಎಬ್ಬಿಸುವ ಈಶ್ವರಬಳ್ಳಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ದಟ್ಟ ನೆರಳೂ ಅದಕ್ಕೆ ಆಗದು, ಬೋಳು ಗುಡ್ಡವೂ ಆಗದು.

ಶಿವರಾಮ ಕಾರಂತರು ಪುತ್ತೂರಿನಲ್ಲಿ ಇದ್ದುಕೊಂಡು 1943ರಲ್ಲಿ ಪ್ರಕಟಿಸಿದ ‘ಬೆಟ್ಟದ ಜೀವ’ ಕಾದಂಬರಿಯ ನೆಲ ಕುಮಾರಪರ್ವತದ ತಪ್ಪಲು. 1,712 ಮೀಟರ್ ಎತ್ತರದ ಆ ಪರ್ವತದ ಬುಡದಲ್ಲಿ ಕಾಡನ್ನು ತೋಟ ಮಾಡುತ್ತ ಬದುಕಿದ ಮನೆತನಗಳ ಲೋಕ ಅದು. ಕಾಡು ಅವರ ಮನೆಯ ಬಾಗಿಲಲ್ಲಿತ್ತು. ತೋಟಕ್ಕೂ ಕಾಡಿಗೂ ನಡುವೆ ಅಗಲವಾದ ಸೆರಗು ಉಳಿದಿತ್ತು. ಆ ಸೆರಗು ಇಂದು ಸವೆಯುತ್ತಿದೆ. ಕಾರಣಗಳು ಒಂದೆರಡಲ್ಲ.

1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ನೆಲೆ ಕೊಡಲು ಸುಳ್ಯ, ಪುತ್ತೂರು ಭಾಗದ ಅರಣ್ಯಭೂಮಿಯಲ್ಲಿ ರಬ್ಬರ್ ನೆಡಲಾಯಿತು. ಆ ಜನರ ಬದುಕಿಗೆ ಅದು ಅಗತ್ಯವಾಗಿತ್ತು. ಅದರ ಬಗ್ಗೆ ನನ್ನ ತಕರಾರಿಲ್ಲ. ನಂತರ ಖಾಸಗಿ ಗುಡ್ಡಗಳಿಗೂ ರಬ್ಬರ್ ಹಬ್ಬಿತು. ರಬ್ಬರಿನ ಅಡಿ ನೆಲ ಮುಚ್ಚಲು ಬಿತ್ತುವ ಮುಕುನಾ, ಪ್ಯುರೇರಿಯಾ ಬಳ್ಳಿಗಳು ಪೊದೆ, ಬೇಲಿ ಎಲ್ಲವನ್ನೂ ಹೊದ್ದುಕೊಂಡು ಬೆಳೆಯುತ್ತವೆ. ಅವುಗಳ ಅಡಿಯಲ್ಲಿ ಈಶ್ವರಬಳ್ಳಿಗೆ ಬೆಳಕು ಸಿಗದು. ಪುತ್ತೂರಿನ ಕಡೆ ಗೇರು ಹೆಚ್ಚು. ಮೊಟ್ಟೆತ್ತಡ್ಕದಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವೇ ಇದೆ. ಹಳೆಯ ಗೇರು ಗುಡ್ಡಗಳು ಪೊದರು ತುಂಬಿ ಹಕ್ಕಿರೆಕ್ಕೆಗೆ ಆಗಿಬರುವಂತೆ ಇದ್ದವು. ಬೀಜ ಹೆಕ್ಕಲು ಅನುಕೂಲವಾಗಲೆಂದು ಮಳೆಗಾಲ ಮುಗಿದ ಕೂಡಲೇ ಬುಡ ಕೆರೆಸುವುದು, ಟೀ ಸೊಳ್ಳೆ ಎಂಬ ಕೀಟಕ್ಕೆ ಮದ್ದು ಸಿಂಪಡಿಸುವುದು ಈಗ ಸಾಮಾನ್ಯ. ಗೇರಿನ ಚಿಗುರಿಗೆ ಹೊಡೆದ ಮದ್ದಿನ ಹನಿ ಗಾಳಿಗೆ ತೇಲಿ ಬೇಲಿಯ ಬಳ್ಳಿಗೂ ಬೀಳುತ್ತದೆ.

ಸುಳ್ಯದ ಸಂಪಾಜೆ, ಅರಂತೋಡು ಭಾಗದಲ್ಲಿ ಅಡಿಕೆಯ ಹಳದಿ ಎಲೆ ರೋಗ ದಶಕಗಳಿಂದ ತೋಟಗಳನ್ನು ತಿನ್ನುತ್ತ ಬಂದಿದೆ. ರೋಗದ ತೋಟ ಕೈಬಿಟ್ಟ ಕೃಷಿಕ ಗುಡ್ಡದಲ್ಲಿ ಹೊಸ ತೋಟ ಮಾಡುತ್ತಾನೆ. ಜೆಸಿಬಿ ಬಂದು ಕುಮ್ಕಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೊರೆಯುತ್ತದೆ. ಸಂಕಟದಲ್ಲಿರುವ ಕೃಷಿಕನನ್ನು ಚಿಟ್ಟೆಯ ಹೆಸರಿನಲ್ಲಿ ದೂರುವುದು ಅನ್ಯಾಯ. ಆದರೆ ಒಂದು ಮಾತು ನಿಜ: ಹಾಗೆ ಕೊರೆದ ದರೆಯಲ್ಲಿ ಮರ ಮತ್ತೆ ನೆಡಬಹುದು, ನೂರು ಬಗೆಯ ಬೂರನ್ನು ಯಾರೂ ಮತ್ತೆ ನೆಡುವುದಿಲ್ಲ.

ಇವೆಲ್ಲದಕ್ಕಿಂತ ಸದ್ದಿಲ್ಲದೆ ನಡೆದ ಬದಲಾವಣೆ ಕಳೆ ಕತ್ತರಿಸುವ ಯಂತ್ರದ್ದು. ಕತ್ತಿ ಹಿಡಿದ ಆಳು ಬೇಲಿ ಸವರುವಾಗ ಬೇಕಾದ ಬಳ್ಳಿಯನ್ನು ಬಿಟ್ಟು ಕಡಿಯುತ್ತಿದ್ದ. ಮದ್ದಿನ ಬಳ್ಳಿ, ಕಟ್ಟುವ ಬಳ್ಳಿ, ದೇವರ ಹೂವಿನ ಬಳ್ಳಿ ಅವನಿಗೆ ಗೊತ್ತಿತ್ತು. ಯಂತ್ರದ ದಾರಕ್ಕೆ ಎಲ್ಲವೂ ಹುಲ್ಲು. ಬೇರು ನೆಲದಲ್ಲಿ ಉಳಿಯುವುದರಿಂದ ಬಳ್ಳಿ ಸಾಯದೆ ಮುಂದಿನ ಮಳೆಗೆ ಚಿಗುರುತ್ತದೆ. ಹಾಗಾಗಿ ಬಳ್ಳಿ ಇದೆ, ಚಿಟ್ಟೆ ಯಾಕಿಲ್ಲ ಎಂಬ ಪ್ರಶ್ನೆ ಬರುತ್ತದೆ. ಯಂತ್ರ ಓಡುವ ತಿಂಗಳು ಯಾವುದು ಎಂದು ಕೇಳಿದರೆ ಉತ್ತರ ಸಿಗುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಆಟಿ ಕಳೆದು ಮಳೆ ತಗ್ಗಿದ ಮೇಲೆಯೇ ಬೇಲಿ, ಬದು ಸವರುವ ಕೆಲಸ. ಬಳ್ಳಿ ಎಲೆ ತುಂಬಿ ನಿಲ್ಲುವುದೂ, ಹಕ್ಕಿರೆಕ್ಕೆ ಹೆಚ್ಚು ಕಾಣಿಸಿಕೊಂಡು ಮೊಟ್ಟೆ ಇಡುವುದೂ ಅದೇ ತಿಂಗಳುಗಳಲ್ಲಿ. ಹುಳುವಿಗೆ ಬೇಕಾದ ಒಂದೂವರೆ, ಎರಡು ತಿಂಗಳನ್ನು ಯಂತ್ರದ ಒಂದು ಗಂಟೆ ಮುಗಿಸಿಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಈ ಸೀಮೆಯ ಹಕ್ಕಿರೆಕ್ಕೆಗೆ ದೊಡ್ಡ ಪೆಟ್ಟು ಬೀಳುತ್ತಿರುವುದು ಇಲ್ಲಿ. ಕಾಡು ಕಡಿದಾಗ ಕಣ್ಣಿಗೆ ಕಾಣುತ್ತದೆ. ಇದು ಯಾರ ಕಣ್ಣಿಗೂ ಕಾಣುವುದಿಲ್ಲ.

ನಾಗಬನದ ಕಥೆಯೂ ಇದರ ಜೊತೆಗೆ ಬರಬೇಕು. ಹೆಚ್ಚಿನ ಹಳೆಯ ಮನೆತನಗಳಿಗೆ ಒಂದು ಬನವಿತ್ತು: ಕೆಲವು ಸೆಂಟ್ಸ್ ಜಾಗ, ದೊಡ್ಡ ಮರಗಳು, ಅವುಗಳಿಗೆ ಜೋತುಬಿದ್ದ ಬೂರುಗಳು, ನಡುವೆ ನಾಗನ ಕಲ್ಲು. ಕತ್ತಿ ತಾಗಬಾರದೆಂಬ ಭಯಭಕ್ತಿ ಆ ಬೂರುಗಳನ್ನು ಕಾದಿತ್ತು. ಈಗ ಎಷ್ಟೋ ಕಡೆ ಮರ ತೆಗೆದು, ಸಿಮೆಂಟಿನ ಕಟ್ಟೆ ಕಟ್ಟಿ, ಟೈಲ್ಸ್ ಹಾಸಿ ಜೀರ್ಣೋದ್ಧಾರ ಮಾಡುತ್ತಾರೆ. ಹಾಲೆರೆಯಲು ಅನುಕೂಲವಾಯಿತು ಎನ್ನುತ್ತಾರೆ. ನಾಗನಿಗೆ ನೆರಳು ಹೋಯಿತು, ಗರುಡನ ಹೆಸರಿನ ಚಿಟ್ಟೆಗೆ ಬಳ್ಳಿ ಹೋಯಿತು.

ಎಣಿಸಬೇಕಾದ್ದು ಯಾವುದು

ಮೇಲಿನ ವಾದ ಸರಿಯಿದ್ದರೆ ಅಧ್ಯಯನದ ಕ್ರಮವೂ ಬದಲಾಗಬೇಕು. ಹಾರುವ ಚಿಟ್ಟೆಗಳನ್ನು ಎಣಿಸಿ ಪಟ್ಟಿ ಮಾಡುವುದು ರೂಢಿ. ಬಲವಾದ ರೆಕ್ಕೆಯ, ಬಹುದೂರ ಹಾರುವ ಹಕ್ಕಿರೆಕ್ಕೆಯ ವಿಷಯದಲ್ಲಿ ಇದು ದಾರಿ ತಪ್ಪಿಸುತ್ತದೆ. ಕೇಪಳಕ್ಕೆ ಬಂದ ಚಿಟ್ಟೆ ಕುಮಾರಧಾರೆ ಹೊಳೆಯ ಆಚೆಯ ಕಾಡಿನಲ್ಲಿ ಹುಟ್ಟಿದ್ದೂ ಇರಬಹುದು. ಮೂರು ತಾಲ್ಲೂಕಿನ ಕಾಲೇಜುಗಳ ಜೀವಶಾಸ್ತ್ರ ವಿದ್ಯಾರ್ಥಿಗಳು ತಮ್ಮ ಮನೆಯ ಬೇಲಿಸಾಲನ್ನು ತಿಂಗಳಿಗೊಮ್ಮೆ ನಡೆದು, ಎಷ್ಟು ಈಶ್ವರಬಳ್ಳಿ, ಎಷ್ಟರಲ್ಲಿ ಮೊಟ್ಟೆ, ಎಷ್ಟರಲ್ಲಿ ಹುಳು, ಯಾವ ದಿನ ಬೇಲಿ ಸವರಿದರು ಎಂದು ಬರೆದಿಟ್ಟರೆ ಎರಡೇ ವರ್ಷದಲ್ಲಿ ಈ ಸೀಮೆಯ ಹಕ್ಕಿರೆಕ್ಕೆಯ ನಿಜವಾದ ಲೆಕ್ಕ ಸಿಗುತ್ತದೆ. ಇದಕ್ಕೆ ದುಬಾರಿ ಸಾಧನ ಬೇಡ. ಬೆಲ್ ಕಾಲದಲ್ಲೂ ಇರಲಿಲ್ಲ.

ಬಳ್ಳಿ ನೆಟ್ಟು ಚಿಟ್ಟೆಯನ್ನು ಉಳಿಸಿದ ಉದಾಹರಣೆ ಆಸ್ಟ್ರೇಲಿಯಾದಲ್ಲಿದೆ. ಕ್ವೀನ್ಸ್‌ಲ್ಯಾಂಡಿನ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆ ಕಡಿಮೆಯಾಗುತ್ತ ಬಂದಾಗ 1990ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಶಾಲೆಯ ಮಕ್ಕಳ ಕೈಯಲ್ಲಿ ಅದರ ಆಹಾರದ ಬಳ್ಳಿಯನ್ನು ಶಾಲೆ, ಮನೆಗಳ ಅಂಗಳದಲ್ಲಿ ನೆಡಿಸಿದರು. ಅದೇ ಪ್ರಸಂಗದಲ್ಲಿ ಒಂದು ಎಚ್ಚರಿಕೆಯೂ ಇದೆ. ಅಲಂಕಾರಕ್ಕೆ ತಂದ ದಕ್ಷಿಣ ಅಮೆರಿಕದ ಅರಿಸ್ಟೊಲೋಕಿಯಾ ಬಳ್ಳಿಗೆ ಮರುಳಾಗಿ ಆ ಚಿಟ್ಟೆ ಮೊಟ್ಟೆ ಇಡುತ್ತಿತ್ತು, ಆ ಎಲೆ ತಿಂದ ಹುಳುಗಳು ಸಾಯುತ್ತಿದ್ದವು. ನಮ್ಮ ನರ್ಸರಿಗಳಲ್ಲಿ ದೊಡ್ಡ ಹೂವಿಗಾಗಿ ಮಾರುವ ಹೊರನಾಡಿನ ಅರಿಸ್ಟೊಲೋಕಿಯಾಗಳನ್ನು ಚಿಟ್ಟೆಗೆಂದು ನೆಡುವುದು ಸಲ್ಲದು. ಬೇಕಾದ್ದು ನಮ್ಮ ಬೇಲಿಯ ಈಶ್ವರಬಳ್ಳಿ. ನೆಲುವಿನಂತೆ ಜೋತ ಕಾಯಿಯಿಂದ ಬೀಜ ಎತ್ತಿಟ್ಟುಕೊಂಡು, ಮಳೆ ಹಿಡಿಯುವ ಹೊತ್ತಿಗೆ ಬೇಲಿಯ ಬುಡದಲ್ಲಿ ಹಾಕಿದರೆ ಸಾಕು.

ತೋಟ ಇರುವ ಓದುಗರಲ್ಲಿ ಒಂದು ಕೋರಿಕೆ. ಈ ಸಲ ಸೋಣದಲ್ಲಿ ಯಂತ್ರ ಬರುವ ಹಿಂದಿನ ದಿನ ಬೇಲಿಯ ಉದ್ದಕ್ಕೆ ಒಮ್ಮೆ ನಡೆಯಿರಿ. ಈಶ್ವರಬಳ್ಳಿ ಕಂಡಲ್ಲಿ ಎಲೆ ಮಗುಚಿ ನೋಡಿ, ಬಳ್ಳಿ ಹಬ್ಬಿದ ಗೂಟಕ್ಕೆ ಒಂದು ಬಣ್ಣದ ಬಟ್ಟೆ ಕಟ್ಟಿ. ಯಂತ್ರ ಹಿಡಿದವರಿಗೆ ಅಷ್ಟು ಜಾಗ ಬಿಟ್ಟು ಸವರಲು ಹೇಳಿ.